ಹಳೇ ಬೆಲೆ ಇಟ್ಟುಕೊಂಡರೆ ಯಾರಿಗೆ ಲಾಭ?

ಆಸ್ತಿ ತೆರಿಗೆ ಲೆಕ್ಕ ಹಾಕುವ ಆಸ್ತಿ ಬೆಲೆಯನ್ನು ಪದೇ ಪದೇ ಪರಿಷ್ಕರಿಸಿದರೆ ಮನೆ ಮಾಲೀಕರಿಗೆ ಹೊರೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಮಾಡಿದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ತಡ ಮಾಡಿದಷ್ಟೂ ಅನ್ಯಾಯ ಜಾಸ್ತಿ. ಎಲ್ಲಾ ಬಡಾವಣೆಗಳ ಬೆಲೆ ಒಂದೇ ಸಮ ಏರುವುದಿಲ್ಲ, ಹಾಗಾಗಿ ಬೆಲೆ ಗಗನಕ್ಕೇರಿದ ಕಡೆಯವರು ಹಳೇ ಲೆಕ್ಕದಲ್ಲೇ ಕಟ್ಟಿಕೊಂಡು ಹೋಗುತ್ತಾರೆ, ಬೆಲೆ ನಿಂತಲ್ಲೇ ನಿಂತ ಕಡೆಯವರು ಅವರ ಪಾಲನ್ನೂ ಹೊರುತ್ತಾರೆ.

ಇಂಗ್ಲೆಂಡ್ ನೋಡಿ, ಅಲ್ಲಿ ಕೌನ್ಸಿಲ್ ಟ್ಯಾಕ್ಸ್‌ಗೆ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಇವತ್ತಿಗೂ 1991ರ ಬೆಲೆಯೇ ಆಧಾರ. ನಿನ್ನೆ ಮೊನ್ನೆ ಕಟ್ಟಿದ ಮನೆಗೂ 1991ರಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಅಂದಾಜು ಹಾಕಬೇಕು! ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಕೊಂಡಾಗಿನ ಬೆಲೆಯೇ ಆಧಾರ, ಅದು ವರ್ಷಕ್ಕೆ ಹೆಚ್ಚೆಂದರೆ ಶೇ. 2ರಷ್ಟು ಏರಬಹುದು. ಅಕ್ಕಪಕ್ಕದಲ್ಲಿ ಒಂದೇ ಥರದ ಎರಡು ಮನೆ ಇದ್ದರೂ ಈಗ ತಾನೇ ಕೊಂಡವರು ಹಳಬರ ಹಲವು ಪಟ್ಟು ತೆರಿಗೆ ಕಟ್ಟುವುದು ಇದರಿಂದಲೇ.

ತೆರಿಗೆ ಒಮ್ಮೆಲೇ ಏರುತ್ತೆ ಅನ್ನುವ ಭಯ ಸುಳ್ಳಲ್ಲ. ಆದರೆ ಬೆಲೆ ಏರಿದಾಗ ದರ ಇಳಿಸಬಹುದು ಅಲ್ವಾ? ದುಡಿಮೆ ನಿಂತ ಹಿರಿಯರಿಗೆ ಕಂತಿನಲ್ಲಿ ತೆರಿಗೆ ಕಟ್ಟಲು ಬಿಡಬಹುದು, ಮನೆ ಮಾರುವವರೆಗೆ ಮುಂದೂಡಲೂಬಹುದು.

ಇನ್ನೊಂದು ಮಾತು ಲೇಖನದಲ್ಲಿ ಬರಲೇ ಇಲ್ಲ. ಬಹಳಷ್ಟು ಕಡೆ ಮೌಲ್ಯ ಕಟ್ಟುವವರು ಮನೆ ಒಳಗೆ ಕಾಲಿಡುವುದೇ ಇಲ್ಲ. ವಿಸ್ತೀರ್ಣ, ಕಟ್ಟಿದ ವರ್ಷ, ಸುತ್ತಮುತ್ತ ಮಾರಾಟವಾದ ಮನೆಗಳ ಬೆಲೆ, ಇಷ್ಟೇ ಅವರ ಮುಂದಿರುವುದು. ದಾಖಲೆಯಲ್ಲಿ ವಿಸ್ತೀರ್ಣ ತಪ್ಪಾಗಿದ್ದರೆ ತೆರಿಗೆಯೂ ತಪ್ಪು. ಮೇಲ್ಮನವಿ ಹಾಕುವುದಕ್ಕೂ ಮೊದಲು ಆ ದಾಖಲೆಯ ಪ್ರತಿ ಕೇಳಿ ತೆಗೆದುಕೊಳ್ಳಿ.