ಲಾರಿ ಉಂಟು, ಲಾರಿಗೆ ಜಾಗ ಇಲ್ಲ

ಆ ರೀಲ್ ನಿಮಗೂ ಬಂದಿರುತ್ತದೆ. ನನಗೆ ಒಂದೇ ವಾರದಲ್ಲಿ ನಾಲ್ಕು ಜನ ಕಳಿಸಿದರು. ಅವರಲ್ಲಿ ಒಬ್ಬರು ನಮ್ಮ ಭಾವ, ಜೀವಮಾನದಲ್ಲಿ ಗೂಡಂಗಡಿಯ ಚಾ ಬಾಯಿಗಿಟ್ಟವರಲ್ಲ. ಗೋಡೆ ಒಡೆದುಕೊಂಡು ಅರ್ಧ ಲಾರಿ ಹೊರಗೆ ಬಂದಿದೆ, ಹೆಡ್‌ಲೈಟ್ ಉರಿಯುತ್ತಿದೆ, ಅದರ ಮುಂದೆ ಒಂದು ಜೋಡಿ ಗ್ಲಾಸು ಹಿಡಿದು ನಗುತ್ತಿದೆ. ಕೆಳಗೆ ‘ಹಳೇ ಹೈವೇ ಹೋಟೆಲಿನ ಆ ದಿನಗಳು’ ಅಂತ ಬರಹ. ಜಾಗ ಉಡುಪಿಗೂ ಮಂಗಳೂರಿಗೂ ಮಧ್ಯೆ, ರಾಷ್ಟ್ರೀಯ ಹೆದ್ದಾರಿ ಅರವತ್ತಾರರ ಸರ್ವಿಸ್ ರಸ್ತೆಯ ಬದಿಯ ಒಂದು ಹೊಸ ಹೋಟೆಲು. ಹೆಸರು ಬೇಡ. ಅವರಿಗೆ ಪ್ರಚಾರ ಬೇಕಾದಷ್ಟು ಆಗಿದೆ.

ನಾನೂ ಹೋಗಿ ಬಂದೆ. ಹೊಗಳದೆ ಇರಲಿಕ್ಕಾಗುವುದಿಲ್ಲ. ಲಾರಿಯ ಮೂತಿಗೆ ಎಷ್ಟು ಚೆಂದ ತುಕ್ಕು ಹಿಡಿದಿದೆ ಎಂದು ಹತ್ತಿರ ಹೋಗಿ ಮುಟ್ಟಿದರೆ ಬೆರಳಿಗೆ ಏನೂ ಅಂಟಲಿಲ್ಲ. ಪೇಂಟು! ಹೊಸ ಗೇಟು ಹಾಕಿದರೆ ಎರಡೇ ಮಳೆಗಾಲದಲ್ಲಿ ಪುಕ್ಕಟೆ ತುಕ್ಕು ಸಿಗುವ ಊರು ನಮ್ಮದು. ಅಂಥಲ್ಲಿ ಪೇಂಟರಿಗೆ ದುಡ್ಡು ಕೊಟ್ಟು ತುಕ್ಕು ಬರೆಸಿದ್ದಾರೆ. ಅರಬ್ಬೀ ಸಮುದ್ರದ ಉಪ್ಪುಗಾಳಿಗೆ ಇಷ್ಟು ದೊಡ್ಡ ಅವಮಾನ ಇದುವರೆಗೆ ಯಾರೂ ಮಾಡಿರಲಿಲ್ಲ.

ಒಳಗೆ ಹಗ್ಗದ ಮಂಚ ಹಾಕಿದ್ದಾರೆ. ಕರಾವಳಿಯ ಯಾವ ಲಾರಿ ಹೋಟೆಲಿನಲ್ಲಿ ಮಾರಾಯ್ರೆ ಹಗ್ಗದ ಮಂಚ ಇದ್ದದ್ದು? ಜೂನ್‌ನಲ್ಲಿ ಹೊರಗೆ ಬಿಟ್ಟರೆ ಚೌತಿಯ ಹೊತ್ತಿಗೆ ಅದರಲ್ಲಿ ಅಣಬೆ ಕೊಯ್ಯಬಹುದು. ಅದು ಪಂಜಾಬಿನವರ ನೆನಪು, ಹಿಂದಿ ಸಿನಿಮಾ ನೋಡಿ ನೋಡಿ ನಮ್ಮದೇ ಅಂದುಕೊಂಡಿದ್ದೇವೆ. ಇನ್ನು ಮೆನು. ‘ಡಬಲ್ ಕ್ಲಚ್ ಚಾ’ 120 ರೂಪಾಯಿ. ‘ಕ್ಲೀನರ್ ಕಾಂಬೋ’ ಅಂದರೆ ಎರಡು ಬನ್ಸು, ಒಂದು ಚಟ್ನಿ. ‘ಸ್ಟೆಪ್ನಿ’ ಅಂದರೆ ಕಲ್ತಪ್ಪ, ದುಂಡಗಿರುವ ತಪ್ಪಿಗೆ. ಕುಚ್ಚಲಕ್ಕಿ ಗಂಜಿ ಮಣ್ಣಿನ ಕುಡಿಕೆಯಲ್ಲಿ ಬರುತ್ತದೆ, ಮೇಲೆ ಎರಡೆಲೆ ಕೊತ್ತಂಬರಿ ಸೊಪ್ಪು, 260 ರೂಪಾಯಿ. ನಮ್ಮ ಅಜ್ಜಿ ಇದ್ದಿದ್ದರೆ “ಗಂಜಿಗೆ ಎಂಥ ಆಗಿದೆ, ಹುಷಾರಿಲ್ವಾ?” ಎಂದು ಕೇಳುತ್ತಿದ್ದರು.

ಪಡುಬಿದ್ರಿ ದಾಟಿದ ಮೇಲೆ ಒಂದು ಗೋಳಿಮರ ಇತ್ತು. ಅದರಡಿಯಲ್ಲಿ ಹಂಚಿನ ಮಾಡಿನ ಹೋಟೆಲ್. ಬೋರ್ಡು ಇರಲಿಲ್ಲ, ಬೇಕೂ ಇರಲಿಲ್ಲ, ಮರವೇ ಬೋರ್ಡು. ಮಲ್ಪೆಯ ಮೀನು ಲಾರಿ, ಹಂಚಿನ ಲಾರಿ, ನಾಮಕ್ಕಲ್‌ನ ಗ್ಯಾಸ್ ಟ್ಯಾಂಕರ್ ಎಲ್ಲ ಆ ನೆರಳಿಗೇ ಬರುತ್ತಿದ್ದವು. ಹಾರ್ನ್ ಕೇಳಿಯೇ ಇಂಥ ಲಾರಿ ಅಂತ ಗೊತ್ತಾಗಿ ಒಳಗೆ ಬಂಗುಡೆ ಕಾವಲಿಗೆ ಬೀಳುತ್ತಿತ್ತು. ಹಿಂದೆ ಬಾವಿ, ಬಾವಿಕಟ್ಟೆಯ ಮೇಲೆ ಸವೆದು ಬಿಲ್ಲೆಯಾದ ಕೆಂಪು ಸಾಬೂನು, ಅದರ ಮೇಲೆ ಯಾರದೋ ಕೂದಲು. ನೀರು ಸೇದುವುದು, ಮೀಯುವುದು, ಹಣೆಗೆ ಭಸ್ಮ ಬಳಿದುಕೊಂಡು ಬೆಂಚಿಗೆ ಬರುವುದು. ಬೆಂಚಿನ ಒಂದು ಕಾಲು ಗಿಡ್ಡ, ಅದಕ್ಕೆ ಚಪ್ಪಟೆ ಕಲ್ಲು. ಎದುರಿನವ ಎದ್ದರೆ ನಿಮ್ಮ ಚಾ ಚೆಲ್ಲುತ್ತಿತ್ತು.

ಸಾಲದ ಪುಸ್ತಕದಲ್ಲಿ ಜನರ ಹೆಸರು ಇರುತ್ತಿರಲಿಲ್ಲ, ಲಾರಿಯ ನಂಬರ್ ಇರುತ್ತಿತ್ತು. ಚಾ 2, ಗೋಳಿಬಜೆ 1, ಬೀಡಿ 1 ಕಟ್ಟು. ಡ್ರೈವರ್ ಬದಲಾದರೂ ಸಾಲ ಲಾರಿಯದ್ದೇ. ಹೊಸಬ ಬಂದು ಹಳಬನ ಗೋಳಿಬಜೆಗೆ ದುಡ್ಡು ಕೊಟ್ಟು, ಒಂದು ಮಾತು ಬೈದು, ತನ್ನದನ್ನು ಬರೆಸಿ ಹೋಗುತ್ತಿದ್ದ. ಮುಂದೆ ಬರುವವ ಅವನಿಗೆ ಬೈಯುತ್ತಿದ್ದ.

ಇಷ್ಟೆಲ್ಲ ಬರೆದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಆ ಹೋಟೆಲಿಗೆ ನಾನು ಹೋದದ್ದು ಮೂರೋ ನಾಲ್ಕೋ ಸಲ. ಬಸ್ಸು ಪಂಕ್ಚರ್ ಆದಾಗ. ನೊಣ ಓಡಿಸಿಕೊಂಡೇ ತಿಂದದ್ದು, ಯಾರಾದರೂ ಪರಿಚಯದವರು ಕಂಡಾರು ಅಂತ ರಸ್ತೆಗೆ ಬೆನ್ನು ಹಾಕಿ ಕೂತದ್ದು. ಜೊತೆಗಿದ್ದ ಚಿಕ್ಕಮ್ಮ ಬಸ್ಸಿನಿಂದ ಇಳಿಯಲೇ ಇಲ್ಲ. ಹೆಂಗಸರಿಗೆ ಅಲ್ಲಿ ಇದ್ದದ್ದು ‘ಆ ಪೊದೆಯ ಆಚೆ’ ಮಾತ್ರ. ಆ ರೀಲನ್ನು ಮೊನ್ನೆ ಅವರಿಗೆ ತೋರಿಸಿದೆ. “ಯಾವ ದಿನಗಳು?” ಅಂದರು.

ಆ ಹೊಸ ಹೋಟೆಲಿನ ಗೋಡೆಯಲ್ಲಿ ಗುರಾಣಿಯ ಆಕಾರದ ಒಂದು ಫಲಕವೂ ಉಂಟು: ‘ರೂಟ್ 66’. ನಮ್ಮದೂ 66, ಅಮೆರಿಕದವರದ್ದೂ 66, ಹಾಗಾಗಿ ಬಾದರಾಯಣ ಸಂಬಂಧ. ಅವರ ರಸ್ತೆ 1926ರಲ್ಲಿ ಹುಟ್ಟಿತು, ಶಿಕಾಗೋದಿಂದ ಹೊರಟು ಕೊನೆಗೆ ಸಾಂತಾ ಮೋನಿಕಾದ ತನಕ ಬೆಳೆಯಿತು. ಉದ್ದಕ್ಕೂ ರೈಲಿನ ಊಟದ ಬೋಗಿಯ ಹಾಗಿರುವ ಸಣ್ಣ ಹೋಟೆಲುಗಳು, ಪೆಟ್ರೋಲ್ ಬಂಕು, ಲಾಡ್ಜು. ಆಮೇಲೆ ದೊಡ್ಡ ಇಂಟರ್‌ಸ್ಟೇಟ್ ರಸ್ತೆಗಳು ಬಂದು ಲಾರಿಗಳೆಲ್ಲ ಆ ಕಡೆ ಹೋದವು, 1985ರಲ್ಲಿ ಆ ನಂಬರನ್ನೇ ಪಟ್ಟಿಯಿಂದ ತೆಗೆದು ಹಾಕಿದರು. ತೆಗೆದ ಮೇಲೆ ‘ಐತಿಹಾಸಿಕ’ ಅಂತ ಬೋರ್ಡು ಹಾಕಿದರು, ಈಗ ಜನ ವಿಮಾನ ಹತ್ತಿ ಹೋಗಿ ಆ ಬೋರ್ಡಿನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮದು ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆ, 2010ರ ತನಕ ನಮ್ಮ ಕಡೆ ಅದರ ನಂಬರ್ ಹದಿನೇಳು. ನಮ್ಮ ಮಾವ ಇವತ್ತಿಗೂ ‘ಹದಿನೇಳರಲ್ಲಿ ಬ್ಲಾಕ್’ ಅಂತಲೇ ಹೇಳುವುದು. ಫಲಕ ನೇತು ಹಾಕಿದ ಪುಣ್ಯಾತ್ಮರಿಗೆ ಇಷ್ಟು ಹೊಳೆಯಲಿಲ್ಲ: ಅವರ ಹೋಟೆಲುಗಳು ಲಾರಿ ಬಾರದೆ ಸತ್ತವು, ನಮ್ಮವು ಲಾರಿ ಜಾಸ್ತಿಯಾಗಿ ಸತ್ತವು.

ಹೇಗೆ ಅಂತ ನಿಮಗೆ ಗೊತ್ತೇ ಇದೆ. ಚತುಷ್ಪಥ ಬಂತು. ಗೋಳಿಮರ ಹೋಯಿತು. ಹೋಟೆಲಿನ ಮುಂದಿನ ಅರ್ಧ ಹೋಯಿತು. ಉಳಿದ ಅರ್ಧದ ಎದುರು ಚರಂಡಿ, ಸರ್ವಿಸ್ ರಸ್ತೆ, ಮಧ್ಯೆ ಡಿವೈಡರ್. ಆಚೆ ಬದಿಯ ಲಾರಿಯವನಿಗೆ ಒಂದು ಚಾ ಬೇಕಿದ್ದರೆ ಮೈಲುಗಟ್ಟಲೆ ಹೋಗಿ ಯು ಟರ್ನ್ ಹೊಡೆದು ಬರಬೇಕು, ಕುಡಿದ ಮೇಲೆ ಪುನಃ ಹಾಗೆಯೇ ಹಿಂದೆ ತಿರುಗಬೇಕು. ಚಾಕ್ಕಿಂತ ಡೀಸೆಲ್ಲೇ ಹೆಚ್ಚು ಕುಡಿದಂತಾಯಿತು. ಗಮನಿಸಿ, 2017ರಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಬಾರು ಇರಬಾರದು ಅಂತ ಸುಪ್ರೀಂ ಕೋರ್ಟಿನ ಆದೇಶ ಜಾರಿಗೆ ಬಂದಾಗ ದೇಶವೇ ಟೇಪು ಹಿಡಿದು ನಿಂತಿತ್ತು. ಹೆದ್ದಾರಿಯನ್ನೇ ಹೆದ್ದಾರಿ ಅಲ್ಲ ಅಂತ ಬರೆದುಕೊಂಡ ರಾಜ್ಯಗಳಿದ್ದವು. ಕೊನೆಗೆ ನಗರ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. ಗಂಜಿ ಹೋಟೆಲಿಗೆ ಅಳೆಯಲು ಯಾರೂ ಟೇಪು ತರಲಿಲ್ಲ. ಗಂಜಿಗೆ ಅಬಕಾರಿ ಸುಂಕ ಇಲ್ಲವಲ್ಲ.

1961ರಿಂದ 2025ರ ತನಕ ಒಂದು ಕಾನೂನು ಇತ್ತು, ಮೋಟಾರು ಸಾರಿಗೆ ಕಾರ್ಮಿಕರದ್ದು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಅಂತ ಅದರಲ್ಲಿ ಬರೆದಿತ್ತು. ಎಲ್ಲಿ ಕೊಡುವುದು? ಬೈಕಂಪಾಡಿಯ ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ದಂಡ. ಫ್ಲೈಓವರಿನ ಅಡಿಗೆ ಹೋದರೆ ಅಲ್ಲಿಂದಲೂ ಓಡಿಸುತ್ತಾರೆ. ಲಾರಿಯಡಿಯಲ್ಲಿ ಬಟ್ಟೆ ಕಟ್ಟಿ ಜೋಕಾಲಿ ಮಾಡಿ ಮಲಗಿದವನ ಮೂಗಿನ ಮೇಲೆ ಗೇರ್‌ಬಾಕ್ಸಿನ ಎಣ್ಣೆ ತೊಟ್ಟಿಕ್ಕುವುದನ್ನು ನಾನು ನೋಡಿದ್ದೇನೆ. ನಮ್ಮ ಕಡೆಯ ಡ್ರೈವರ್ ನೆಮ್ಮದಿಯಾಗಿ ಕಣ್ಣು ಮುಚ್ಚುವುದು ಸುರತ್ಕಲ್ಲಿನಲ್ಲಿ, ಲಾರಿಗಳನ್ನೇ ಹೊತ್ತು ಸಾಗಿಸುವ ಕೊಂಕಣ ರೈಲಿಗೆ ಲಾರಿ ಹತ್ತಿದಾಗ ಇರಬೇಕು. 2025ರ ಅಕ್ಟೋಬರ್‌ನಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೆಯದೇ. ಉಚ್ಚೆ ಎಲ್ಲಿ ಹೊಯ್ಯುವುದು ಅಂತ ತಣ್ಣಗೆ ಕೂತು ಯೋಚಿಸಬಹುದು. ಟೋಲ್ ಕಟ್ಟುವವನು ಅವನು. ಗ್ಯಾಸು, ಮೀನು, ಅಕ್ಕಿ ನಮ್ಮ ಮನೆಗೆ ಮುಟ್ಟಿಸುವವನು ಅವನು. ಒಂದು ಬಾವಿ, ಒಂದು ನೆರಳು ಉಳಿಸಲಿಲ್ಲ ನಾವು. ಈಗ ಅವನ ಲಾರಿಯನ್ನು ಅರ್ಧ ಕುಯ್ದು ಗೋಡೆಗೆ ಅಂಟಿಸಿ ‘ಆ ದಿನಗಳು’ ಅಂತೇವೆ. ನಾಚಿಕೆ ಆಗಬೇಕು. ನನಗೆ ಸ್ವಲ್ಪ ಆಯಿತು, ಬನ್ಸು ಮುಗಿದ ಮೇಲೆ.

ಬಿಲ್ಲು ಕೊಟ್ಟು ಹೊರಗೆ ಬಂದರೆ ಗೇಟಿನಲ್ಲಿ ಒಂದು ನಿಜವಾದ ಲಾರಿ. ಧಾರವಾಡ ಕಡೆಯ ನಂಬರ್, ಮೇಲೆ ನೀಲಿ ಟಾರ್ಪಾಲು. ಡ್ರೈವರ್ ಇಳಿದು ಸೆಕ್ಯೂರಿಟಿಯವರ ಹತ್ತಿರ ಮಾತಾಡುತ್ತಿದ್ದ.

“ಇಲ್ಲಿ ಲಾರಿ ನಿಲ್ಲಿಸ್ಲಿಕ್ಕಿಲ್ಲ ಮಾರಾಯ್ರೆ.”

“ಹತ್ ನಿಮಿಷ ಅಷ್ಟರೀ ಅಣ್ಣಾ, ಒಂದ್ ಚಾ ಕುಡ್ದು ಹೋಗ್ತೀನಿ.”

“ಚಾ ಉಂಟು. ಲಾರಿಗೆ ಜಾಗ ಇಲ್ಲ.”

“ಮತ್ತ ಅದನ್ನ ನಿಲ್ಸೀರಲ್ಲ?”

“ಅದು ಶೋಗೆ.”

ಅವನು ಹತ್ತಿರ ಹೋಗಿ ಬಾನೆಟ್ಟಿಗೆ ಎರಡು ಸಲ ಬಡಿದ. ಬಗ್ಗಿ ಕೆಳಗೆ ನೋಡಿದ. “ಟಾಟಾ ಹನ್ನೆರಡು-ಹತ್ತು ಐತಿ ಇದು. ನಮ್ಮಪ್ಪ ಓಡ್ಸಾಂವ. ಬಂಪರ್ ಉಲ್ಟಾ ಕೂಡ್ಸ್ಯಾರ ನೋಡ್ರಿ.”

“ಅದೆಲ್ಲ ನಂಗೆ ಗೊತ್ತಿಲ್ಲ. ನೀವು ಮುಂದೆ ಹೋಗಿ, ಟೋಲ್ ದಾಟಿ ಎಲ್ಲಿಯಾದ್ರೂ ನಿಲ್ಲಿಸಿ.”

“ಚಾ ಎಷ್ಟಂತ?”

ಸೆಕ್ಯೂರಿಟಿಯವರು ಉತ್ತರ ಕೊಡದೆ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಬಿಲ್ಲನ್ನು ಜೇಬಿಗೆ ಹಾಕಿಕೊಂಡೆ.

ಅವನು ಲಾರಿ ಹತ್ತಿದ. ಸರ್ವಿಸ್ ರಸ್ತೆಗೆ ತಿರುಗಿಸುವಾಗ ಸ್ಕೂಟರೊಂದು ಅಡ್ಡ ಬಂತು, ಉದ್ದಕ್ಕೆ ಹಾರ್ನ್ ಹೊಡೆದ. ಒಳಗೆ ಹಗ್ಗದ ಮಂಚದ ಮೇಲಿದ್ದ ಹುಡುಗನೊಬ್ಬ ಫೋನ್ ಎತ್ತಿಕೊಂಡು ಓಡಿ ಬಂದ. “ಅಣ್ಣಾ, ಇನ್ನೊಂದ್ ಸಲ ಹೊಡೀರಿ ಅಣ್ಣಾ, ರೆಕಾರ್ಡ್ ಆಗ್ಲಿಲ್ಲ!”