ಸರ್ವರ್‌ಗಳಿಗೆ ಟೆಸ್ಟಿಂಗ್ ಬೇರೆ, ಪ್ರೊಡಕ್ಷನ್ ಬೇರೆ ಇರಲೇಬೇಕೇ?

ಪಪೆಟ್, ಆನ್ಸಿಬಲ್‌ನಂತಹ ಸಾಧನಗಳಿಂದ ಹತ್ತಾರು ಸರ್ವರ್‌ಗಳ ಕಾನ್ಫಿಗರೇಶನ್ (ಸೆಟ್ಟಿಂಗ್‌ಗಳು) ಒಂದೇ ಕಡೆಯಿಂದ ನಿರ್ವಹಿಸುವವರು ಪ್ರತಿ ಬದಲಾವಣೆಯನ್ನೂ ಪ್ರತ್ಯೇಕ ಟೆಸ್ಟಿಂಗ್ ಎನ್ವಿರಾನ್‌ಮೆಂಟಿನಲ್ಲಿ, ಅಂದರೆ ಪರೀಕ್ಷೆಗೆಂದೇ ಇಟ್ಟ ವ್ಯವಸ್ಥೆಯಲ್ಲಿ, ನೋಡಿದ ಮೇಲಷ್ಟೇ ಪ್ರೊಡಕ್ಷನ್‌ಗೆ, ಅಂದರೆ ಜನ ನಿಜವಾಗಿ ಬಳಸುವ ಸರ್ವರ್‌ಗಳಿಗೆ, ಒಯ್ಯಬೇಕೇ? ರಾಯಚೂರು ಮತ್ತು ಬಳ್ಳಾರಿಯಲ್ಲಿ ಈ ಕೆಲಸ ಮಾಡುವ ಇಬ್ಬರು ಬರೆದಿದ್ದಾರೆ.

ಪರ: ತಪ್ಪು ಮೊದಲು ನಮ್ಮ ಕಣ್ಣೆದುರಿಗೆ ಆಗಲಿ

ಒಂದೊಂದೇ ಸರ್ವರ್‌ಗೆ ಲಾಗಿನ್ ಆಗಿ ಕೈಯಿಂದ ಫೈಲ್ ತಿದ್ದುತ್ತಿದ್ದ ಕಾಲದಲ್ಲಿ ಒಂದು ಕಡೆ ಆದ ತಪ್ಪು ಅಲ್ಲಿಗೇ ನಿಲ್ಲುತ್ತಿತ್ತು. 2005ರಲ್ಲಿ ಬಂದ ಪಪೆಟ್ ಆ ಶ್ರಮವನ್ನು ಉಳಿಸಿತು, ಜೊತೆಗೆ ತಪ್ಪು ಹರಡುವ ದಾರಿಯನ್ನೂ ಸುಗಮಗೊಳಿಸಿತು. ನಾವು ಬೇರೆ ಹೇಳದಿದ್ದರೆ, ಪ್ರತಿ ಯಂತ್ರದಲ್ಲೂ ಓಡುವ ಅದರ ಏಜೆಂಟ್ ಎಂಬ ಪ್ರೋಗ್ರಾಂ 30 ನಿಮಿಷಕ್ಕೊಮ್ಮೆ ಕೇಂದ್ರ ಸರ್ವರನ್ನು ಕೇಳಿ, ಅಲ್ಲಿ ಏನು ಬರೆದಿದೆಯೋ ಅದನ್ನು ತನ್ನ ಯಂತ್ರದಲ್ಲಿ ಜಾರಿಗೆ ತರುತ್ತದೆ. ಬರೆದದ್ದು ಸರಿಯೇ ಎಂದು ಅದು ವಿಚಾರಿಸುವುದಿಲ್ಲ.

ರಾಯಚೂರಿನ ಕಚೇರಿಯಲ್ಲಿ ಕುಳಿತು ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿಯ ರೈಸ್ ಮಿಲ್ಲುಗಳ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದಾಗ, ಸುಗ್ಗಿಯ ಒಂದು ದಿನ, ಹೊರಹೋಗುವ ಸಂಪರ್ಕಗಳನ್ನು ಬಿಗಿಗೊಳಿಸಲು ನಾನು ಫೈರ್‌ವಾಲ್ ನಿಯಮಗಳನ್ನು ತಿದ್ದಿದೆ. ಏಜೆಂಟ್ ಕೇಂದ್ರವನ್ನು ತಲುಪುವ 8140 ಪೋರ್ಟನ್ನೂ (ಪೋರ್ಟ್ ಎಂದರೆ ಸಂಪರ್ಕದ ಬಾಗಿಲು) ಡೇಟಾಬೇಸಿನ ಪೋರ್ಟನ್ನೂ ಅನುಮತಿಯ ಪಟ್ಟಿಯಲ್ಲಿ ಸೇರಿಸುವುದು ಮರೆತುಹೋಯಿತು. ಅರ್ಧ ಗಂಟೆಯೊಳಗೆ ಎಲ್ಲ ಮಿಲ್ಲುಗಳ ಯಂತ್ರಗಳೂ ಆ ನಿಯಮವನ್ನು ಪಡೆದುಕೊಂಡು, ಮುಂದಿನ ಆದೇಶ ಕೇಳುವ ದಾರಿಯನ್ನು ತಾವೇ ಮುಚ್ಚಿಕೊಂಡವು. ಐದೇ ನಿಮಿಷದಲ್ಲಿ ತಪ್ಪನ್ನು ಸರಿಪಡಿಸಿದೆ, ಆದರೆ ಆ ತಿದ್ದುಪಡಿ ಯಾವ ಯಂತ್ರವನ್ನೂ ಮುಟ್ಟುವಂತಿರಲಿಲ್ಲ. ಮಿಲ್ಲುಗಳು ಸಾಮಾನ್ಯ ಬ್ರಾಡ್‌ಬ್ಯಾಂಡಿನ ಹಿಂದೆ ಇದ್ದುದರಿಂದ ಹೊರಗಿನಿಂದ ಒಳಹೊಗುವ ದಾರಿಯೂ ಇರಲಿಲ್ಲ. ವೇಬ್ರಿಡ್ಜಿನ ತೂಕ ಕೇಂದ್ರಕ್ಕೆ ಹೋಗದೆ ಗುಮಾಸ್ತರು ಕಾರ್ಬನ್ ಇಟ್ಟು ಕೈಯಲ್ಲಿ ಚೀಟಿ ಬರೆದರು. ಭತ್ತದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲುಗಟ್ಟಿದವು. ನಾನು ಚೀಲದಲ್ಲಿ ಕೀಬೋರ್ಡ್ ಹಾಕಿಕೊಂಡು ಬಸ್ಸು ಹತ್ತಿದವನು ಗಂಗಾವತಿಯ ಕೊನೆಯ ಯಂತ್ರವನ್ನು ಮುಟ್ಟುವಾಗ ರಾತ್ರಿಯಾಗಿತ್ತು.

ಟೆಸ್ಟಿಂಗ್‌ನಲ್ಲಿ ಒಂದೇ ಒಂದು ವರ್ಚುವಲ್ ಯಂತ್ರ ಇದ್ದಿದ್ದರೂ ಎರಡನೆಯ ರನ್ನಿನಲ್ಲಿಯೇ ಏಜೆಂಟ್ ಕೇಂದ್ರವನ್ನು ತಲುಪಲಾಗದೆ ಸೋತು, ತಪ್ಪು ಬಯಲಾಗುತ್ತಿತ್ತು. ಹೊಸ ತಳಿಯ ಭತ್ತವನ್ನು ನಮ್ಮ ರೈತರು ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕುವುದಿಲ್ಲ. ಹತ್ತು ಗುಂಟೆಯಲ್ಲಿ ಹಾಕಿ, ತೆನೆ ಕಟ್ಟುವುದನ್ನು ನೋಡಿ ಮುಂದುವರಿಯುತ್ತಾರೆ.

ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಒಂದೊಂದು ಬ್ರಾಂಚನ್ನು (ಕವಲನ್ನು) ಒಂದೊಂದು ಎನ್ವಿರಾನ್‌ಮೆಂಟಾಗಿ ಇಳಿಸಿಕೊಡುವ ಆರ್10ಕೆ ಎಂಬ ಸಾಧನವಿದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಯಾವ ಎನ್ವಿರಾನ್‌ಮೆಂಟ್ ಎಂದು ತಿಳಿಸದ ಯಂತ್ರವನ್ನು ಪಪೆಟ್ ಪ್ರೊಡಕ್ಷನ್‌ಗೇ ಸೇರಿಸುತ್ತದೆ.

ಪ್ರತ್ಯೇಕ ಎನ್ವಿರಾನ್‌ಮೆಂಟ್ ಅನಿರೀಕ್ಷಿತವಾಗಿ ಆಸರೆಯಾದ ಉದಾಹರಣೆಯೂ ಇದೆ. 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದು ಭಾವಿಸಿ ಮುಖ್ಯ ಡೇಟಾಬೇಸಿನ ಡೈರೆಕ್ಟರಿಯನ್ನು ಅಳಿಸಿದಾಗ, ನಿಯತ ಬ್ಯಾಕಪ್‌ಗಳು ಕೈಕೊಟ್ಟವು. ಕೊನೆಗೆ ಒದಗಿಬಂದದ್ದು ಸ್ಟೇಜಿಂಗ್‌ಗೆಂದು (ಪ್ರೊಡಕ್ಷನ್‌ಗೆ ಮುಂಚಿನ ಪರೀಕ್ಷೆಯ ಎನ್ವಿರಾನ್‌ಮೆಂಟಿಗೆಂದು) ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ನಕಲು.

ವಿರೋಧ: ನಕಲು ಅಸಲಿನಂತೆ ಉಳಿಯುವುದಿಲ್ಲ

ಬಳ್ಳಾರಿಯ ಜೀನ್ಸ್ ಘಟಕಗಳ ಬಿಲ್ಲಿಂಗ್ ಮತ್ತು ಜಾಬ್‌ವರ್ಕ್ ಲೆಕ್ಕದ ಸರ್ವರ್‌ಗಳನ್ನು ನಿರ್ವಹಿಸುವ ನಾವೂ ಎರಡು ಬ್ರಾಂಚ್, ಎರಡು ಎನ್ವಿರಾನ್‌ಮೆಂಟ್ ಇಟ್ಟುಕೊಂಡಿದ್ದೆವು. ನಮಗೆ ಪೆಟ್ಟು ಬಿದ್ದದ್ದು ಆ ವ್ಯವಸ್ಥೆಯಿಂದಲೇ.

ಡೇಟಾಬೇಸಿಗೆ ಯಾವ ವಿಳಾಸದ ಯಂತ್ರಗಳು ಬರಬಹುದು ಎಂಬುದನ್ನು ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಒಂದು ಫೈಲಿನಿಂದ ಓದಿಕೊಳ್ಳುತ್ತದೆ. ಪ್ರೊಡಕ್ಷನ್‌ನಲ್ಲಿ ಇಡೀ ನೆಟ್‌ವರ್ಕಿಗೆ ಅವಕಾಶ ಕೊಡುವ /24 ಇತ್ತು. ಟೆಸ್ಟಿಂಗ್‌ನಲ್ಲಿ ಇದ್ದದ್ದು ಒಂದೇ ಕ್ಲೈಂಟ್ ಆದ್ದರಿಂದ ಅದರ ವಿಳಾಸವನ್ನು ಮಾತ್ರ /32 ಎಂದು ಬರೆದಿದ್ದೆವು. ಬೇರೊಂದು ಬದಲಾವಣೆಯನ್ನು ಪರೀಕ್ಷಿಸಿ, ಎಲ್ಲವೂ ಸರಿಯಿದೆ ಎಂದು ಖಾತ್ರಿಪಡಿಸಿಕೊಂಡು ಟೆಸ್ಟಿಂಗ್ ಬ್ರಾಂಚನ್ನು ಪ್ರೊಡಕ್ಷನ್ ಬ್ರಾಂಚಿಗೆ ಮರ್ಜ್ ಮಾಡಿದಾಗ (ಸೇರಿಸಿದಾಗ) ಆ ಸಾಲೂ ಪ್ರೊಡಕ್ಷನ್‌ಗೆ ಬಂದುಬಿಟ್ಟಿತು. ಪೋಸ್ಟ್‌ಗ್ರೆಸ್ ರೀಲೋಡ್ ಆಗಿ ಆ ಫೈಲನ್ನು ಮತ್ತೆ ಓದಿದಾಗ ಅದಾಗಲೇ ತೆರೆದಿರುವ ಸಂಪರ್ಕಗಳು ಕಡಿಯುವುದಿಲ್ಲವಾದ್ದರಿಂದ ಸಂಜೆಯವರೆಗೆ ಯಾರಿಗೂ ಏನೂ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಘಟಕಗಳ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದಾಗ ಒಂದೂ ಒಳಬರಲಿಲ್ಲ. ವಾರದ ಕೂಲಿಗೆ ಬಂದಿದ್ದ ಹೊಲಿಗೆಯವರು ಎಷ್ಟು ಪೀಸ್ ಹೊಲಿದೆವೆಂಬ ಲೆಕ್ಕ ಸಿಗದೆ ಮಧ್ಯಾಹ್ನದವರೆಗೆ ಕಾದು ಕುಳಿತರು. ಅವರೆದುರು ನಿಂತು ‘ಟೆಸ್ಟಿಂಗ್‌ನಲ್ಲಿ ಸರಿಯಾಗಿತ್ತು’ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಎರಡು ಎನ್ವಿರಾನ್‌ಮೆಂಟ್ ಎಂದರೆ ಎರಡು ಸತ್ಯಗಳನ್ನು ಪಾಲಿಸಿದಂತೆ. ದಿನ ಕಳೆದಂತೆ ಅವು ಒಂದರಿಂದೊಂದು ದೂರ ಸರಿಯುತ್ತವೆ, ಪರೀಕ್ಷೆಯ ಫಲಿತಾಂಶಕ್ಕೆ ಅರ್ಥ ಉಳಿಯುವುದಿಲ್ಲ. ಒಂದೇ ಪಪೆಟ್ ಸರ್ವರಿನಲ್ಲಿ ಎರಡನ್ನೂ ನಡೆಸಿದರೆ, ಒಂದರಲ್ಲಿ ಬರೆದ ಕಸ್ಟಮ್ ಟೈಪ್‌ಗಳು (ಪಪೆಟ್‌ಗೆ ನಾವೇ ಬರೆದು ಸೇರಿಸುವ ಹೊಸ ಬಗೆಗಳು) ಇನ್ನೊಂದಕ್ಕೆ ಸೋರುವ ತೊಡಕು ಬಹುಕಾಲ ಇತ್ತು. ಅದನ್ನು ತಡೆಯಲು ಟೈಪ್‌ಗಳ ವಿವರವನ್ನು ಮುಂಚೆಯೇ ಬರೆದಿಡುವ ಪ್ರತ್ಯೇಕ ಕಮಾಂಡನ್ನೇ ಸೇರಿಸಬೇಕಾಯಿತು.

ಇನ್ನು ಸರ್ವರಿನ ಮೇಲೆ ಬೀಳುವ ಭಾರದ ಮಾತು. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ. ಬೇಸಿಗೆಯಲ್ಲಿ ಗೇಟನ್ನು ಎಷ್ಟು ಬಾರಿ ಎತ್ತಿ ಇಳಿಸಿದರೂ ತುಂಬಿದ ನೀರಿನ ಒತ್ತಡ ಅಲ್ಲಿರುವುದಿಲ್ಲ. ಇಬ್ಬರು ಬಳಸುವ ಟೆಸ್ಟಿಂಗ್ ಸರ್ವರಿಗೂ ಹಬ್ಬದ ಹಿಂದಿನ ವಾರದ ಬಳ್ಳಾರಿ ಗೊತ್ತಾಗುವುದಿಲ್ಲ. ಆ ಕೊರತೆ ತುಂಬಲೆಂದು ನಿಜವಾದ ದತ್ತಾಂಶವನ್ನೇ ನಕಲು ಮಾಡಿಟ್ಟರೆ ಕಾರ್ಮಿಕರ ಬ್ಯಾಂಕ್ ಖಾತೆಯ ಸಂಖ್ಯೆಗಳು ಕಾವಲು ಕಡಿಮೆಯಿರುವ ಯಂತ್ರದಲ್ಲಿ ಬಿದ್ದಿರುತ್ತವೆ. ಇದನ್ನು ನಾನು ಒಪ್ಪಲಾರೆ.

ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಅಪಾಯ ಇರುವುದು ಬದಲಾವಣೆಯನ್ನು ಹಂಚುವ ಹೊತ್ತಿನಲ್ಲಿ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್ ಕಳೆದುಕೊಂಡಿತು. ಹೊಸ ಕೋಡ್ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೋಗಿ, ಎಂಟನೆಯದರಲ್ಲಿ ಹಳೆಯದೇ ಉಳಿದಿತ್ತು.

ಈಗ ನಮ್ಮಲ್ಲಿ ಒಂದೇ ಬ್ರಾಂಚ್ ಇದೆ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ವಿಳಾಸಗಳು ಆಯಾ ಯಂತ್ರದ ಹೆಸರಿನ ಫೈಲಿನಲ್ಲಿಯೇ ಇರುತ್ತವೆ, ಮರ್ಜ್ ಆಗುವ ಪ್ರಶ್ನೆಯಿಲ್ಲ. ಏನನ್ನೂ ಬದಲಿಸದೆ ವ್ಯತ್ಯಾಸವನ್ನು ಮಾತ್ರ ತೋರಿಸುವ ಆನ್ಸಿಬಲ್‌ನ ಚೆಕ್ ಮತ್ತು ಡಿಫ್ ಹಾಕಿ ಯಾವ ಸಾಲು ಬದಲಾಗಲಿದೆ ಎಂದು ಮೊದಲು ಓದುತ್ತೇವೆ. ಸರ್ವಿಸ್ ನಿಜವಾಗಿಯೂ ಏಳುತ್ತದೆಯೇ ಎಂಬುದನ್ನು ಚೆಕ್ ಹೇಳಲಾರದು. ಅದಕ್ಕಾಗಿ ಬದಲಾವಣೆ ಮೊದಲು ನಮ್ಮದೇ ಕಚೇರಿಯ ಬಿಲ್ಲಿಂಗ್ ಸರ್ವರಿಗೆ ಹೋಗುತ್ತದೆ. ಅದನ್ನು ಬೇಕೆಂದೇ ರೀಬೂಟ್ ಮಾಡುತ್ತೇವೆ, ಒಂದು ದಿನ ಅದರಲ್ಲಿಯೇ ಕೆಲಸ ಮಾಡುತ್ತೇವೆ. ಮರುದಿನ ಒಂದು ಘಟಕ, ಆಮೇಲೆ ಎರಡೆರಡಾಗಿ ಉಳಿದವು.