ಕೋಲು ಬದಲಾದರೆ ಮೈಯೂ ಹೊಸದಾಗಿ ಕಲಿಯಬೇಕು

ಹೊಸ ಸಾಧನ ಬಂದರೆ ಆಟಗಾರರ ಕೆಲಸ ಸುಲಭವಾಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ. ಉದ್ದನೆಯ ಕೋಲು ಊರಿ ಎತ್ತರದ ಅಡ್ಡಪಟ್ಟಿ ದಾಟುವ ಪೋಲ್ ವಾಲ್ಟ್ ನೋಡಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡಾನ್ ಬ್ರಾಗ್ ಲೋಹದ ಕೋಲು ಹಿಡಿದು 4.70 ಮೀಟರ್ ಹಾರಿ ಚಿನ್ನ ಗೆದ್ದರು. ನಾಲ್ಕೇ ವರ್ಷಕ್ಕೆ ಟೋಕಿಯೊದಲ್ಲಿ ಫ್ರೆಡ್ ಹ್ಯಾನ್ಸನ್ ಚೆನ್ನಾಗಿ ಬಗ್ಗುವ ಫೈಬರ್‌ಗ್ಲಾಸ್ ಕೋಲಿನಲ್ಲಿ 5.10 ಮೀಟರ್ ದಾಟಿದರು. ಎಲ್ಲಾ ಕೋಲಿನ ಮಹಿಮೆ ಅನ್ನಬಹುದು, ಆದರೆ ಹೆಚ್ಚು ಬಗ್ಗದ ಕೋಲಿನಲ್ಲಿ ತೋಳಿನ ಬಲ ನಂಬಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಈಗ ಅದನ್ನು ಬೇಕಂತಲೇ ಬಗ್ಗಿಸಿ, ಕಾಲು ಮೇಲೆ ಮಾಡಿ ಒಂದು ಕ್ಷಣ ಕಾದು, ಕೋಲು ನೆಟ್ಟಗಾಗುವ ಹೊತ್ತಿಗೆ ಸರಿಯಾಗಿ ಮೇಲೇಳಬೇಕಿತ್ತು. ಸ್ವಲ್ಪ ಅವಸರ ಮಾಡಿದರೂ ಹಾರಿದ್ದೆಲ್ಲ ವ್ಯರ್ಥ. ಮೈಗೆ ಅಂಟಿದ ಅಭ್ಯಾಸ ಬಿಡುವುದು ಸುಮ್ನೆ ಮಾತಲ್ಲ, ಹೊಸದು ಕಲಿಯುವುದಕ್ಕಿಂತ ಅದೇ ಜಾಸ್ತಿ ಕಷ್ಟ ಅಲ್ವಾ?

ಈಜುಗಾರರ ವೇಗ ಹೆಚ್ಚಿಸುತ್ತಿದ್ದ, ಬಟ್ಟೆಯಲ್ಲದ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಈಜುಡುಗೆಯ ವಿಷಯ ಬೇರೆ, ಅಲ್ಲಿ ಕೆಲಸ ಸುಲಭವಾಯಿತು ಅನ್ನುವ ನಿಮ್ಮ ಮಾತು ಒಪ್ಪುತ್ತೇನೆ. 2009ರಲ್ಲಿ ರೋಮ್‌ನ ವಿಶ್ವ ಈಜು ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವ ದಾಖಲೆಗಳು ಆದವು. 2010ರಿಂದ ಆ ಉಡುಗೆಗಳನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಆದರೆ ಅವಕ್ಕೆ ಒಗ್ಗಿಹೋಗಿದ್ದವರು ಮತ್ತೆ ಬಟ್ಟೆಯ ಉಡುಗೆಯಲ್ಲೇ ಈಜಬೇಕಾಯಿತಲ್ಲ, ಅವರ ಬಗ್ಗೆಯೂ ನಾಲ್ಕು ಮಾತು ಬರೆಯಿರಿ.